ಗೋಕಾಕದ ಧುಮುಕು, ಡಾರ್ಜಿಲಿಂಗಿನ ದೀಪ

ಹಿಮಾಲಯದ ಗಿರಿಪಟ್ಟಣಗಳಲ್ಲಿ ಡಾರ್ಜಿಲಿಂಗಿನ ಹೆಸರನ್ನು ಕೇಳದವರು ವಿರಳ. ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿರುವ ಈ ನೆಲೆಯನ್ನು ಈಸ್ಟ್ ಇಂಡಿಯಾ ಕಂಪೆನಿಯವರು 1835ರಲ್ಲಿ ಸಿಕ್ಕಿಮಿನ ಅರಸನಿಂದ ಪಡೆದುಕೊಂಡು, ಬಯಲುನಾಡಿನ ಬೇಗೆಯಲ್ಲಿ ಬಳಲಿದ ತಮ್ಮವರಿಗೆ ಆರೋಗ್ಯಧಾಮವನ್ನಾಗಿ ಬೆಳೆಸಿದರು. 1881ರಲ್ಲಿ ಎರಡು ಅಡಿ ಅಗಲದ ಕಿರುಹಳಿಗಳ ಮೇಲೆ ಪುಟ್ಟ ರೈಲು ಆ ಬೆಟ್ಟವನ್ನು ಹತ್ತಿತು. ಅದಾದ ಹದಿನಾರು ವರ್ಷಗಳ ಮೇಲೆ, 1897ರ ನವೆಂಬರ್ 10ರಂದು, ಊರ ಕೆಳಗಿನ ಕಣಿವೆಯ ಸಿದ್ರಾಪೊಂಗ್ ಎಂಬಲ್ಲಿ ತೊರೆಗಳ ನೀರಿನಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವ ಕೇಂದ್ರವೊಂದು ಆರಂಭವಾಯಿತು. ಅದರಲ್ಲಿದ್ದುದು 65 ಕಿಲೋವಾಟಿನ ಎರಡು ಯಂತ್ರಗಳು. ಒಟ್ಟು 130 ಕಿಲೋವಾಟ್. ನಮ್ಮ ಕಡೆಯ ಕಬ್ಬಿನ ಗದ್ದೆಗಳಲ್ಲಿ ಕಾಣಬರುವ ಐದು ಅಶ್ವಶಕ್ತಿಯ ಪಂಪುಗಳು ಮೂವತ್ತೈದು ಒಟ್ಟಿಗೆ ನಡೆದರೆ ಸುಮಾರು ಇಷ್ಟೇ ಶಕ್ತಿ ಬೇಕಾಗುತ್ತದೆ. ಆದರೂ ಪ್ರವಾಸಿಗರಿಗೆ ಈ ಕೇಂದ್ರವನ್ನು ಭಾರತದ ಮೊತ್ತಮೊದಲ ಜಲವಿದ್ಯುತ್ ಕೇಂದ್ರವೆಂದು ತೋರಿಸುತ್ತಾರೆ.

ಇಲ್ಲಿ ಬೆಳಗಾವಿ ಜಿಲ್ಲೆಯವರು ಹುಬ್ಬೇರಿಸುವುದು ಸಹಜ. ಏಕೆಂದರೆ ಗೋಕಾಕದ ಜಲಪಾತದ ಬಳಿ 1887ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಲಾಯಿತು ಎಂಬುದು ಪ್ರವಾಸದ ಕೈಪಿಡಿಗಳಲ್ಲೆಲ್ಲ ಬರುವ ಮಾತು. ಎರಡು ಊರುಗಳಲ್ಲಿ ಹಿರಿಯದು ಯಾವುದೆಂಬ ಜಗಳಕ್ಕೆ ಇಳಿಯುವ ಮೊದಲು ಒಂದು ಭೇದವನ್ನು ಗಮನಿಸಬೇಕು. ಡಾರ್ಜಿಲಿಂಗಿನದು ಪುರಸಭೆಯ ಬೀದಿಗಳನ್ನೂ ಮನೆಗಳನ್ನೂ ಬೆಳಗಿಸಲೆಂದು ಕಟ್ಟಿದ ಕೇಂದ್ರ. ಗೋಕಾಕದಲ್ಲಿ ನೀರನ್ನು ದುಡಿಸಿಕೊಂಡದ್ದು ನೂಲಿನ ಗಿರಣಿಯೊಂದು, ಅದೂ ತನ್ನ ಸ್ವಂತ ಕೆಲಸಕ್ಕಾಗಿ. ಸಾರ್ವಜನಿಕರಿಗೆ ವಿದ್ಯುತ್ ಒದಗಿಸುವುದು ಬೇರೆ, ತನ್ನ ಅಂಗಳದಲ್ಲಿ ತಾನು ಉತ್ಪಾದಿಸಿಕೊಳ್ಳುವುದು ಬೇರೆ. ಈ ಭೇದವನ್ನು ಒಪ್ಪಿಕೊಂಡರೆ ಜಗಳಕ್ಕೆ ಆಸ್ಪದವೇ ಉಳಿಯದು. ಎರಡು ಕಡೆಗಳಲ್ಲಿಯೂ ನಡೆದದ್ದು ಒಂದೇ ಭೌತಿಕ ಕ್ರಿಯೆ, ಮತ್ತು ಅದನ್ನು ತಿಳಿಯಲು ಗೋಕಾಕ, ಮೂಡಲಗಿ, ಹುಕ್ಕೇರಿಗಳ ವಿದ್ಯಾರ್ಥಿಗಳು ಹಿಮಾಲಯದವರೆಗೆ ಹೋಗಬೇಕಾಗಿಲ್ಲ.

ಗೋಕಾಕ ಪಟ್ಟಣದಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಘಟಪ್ರಭಾ ನದಿಯು 52 ಮೀಟರ್, ಅಂದರೆ ಹಳೆಯ ಲೆಕ್ಕದಲ್ಲಿ 171 ಅಡಿ, ಕೆಳಕ್ಕೆ ಧುಮುಕುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದುಬರುವ ಈ ನದಿ ಮುಂದೆ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಪ್ರವಾಹದ ಕಾಲದಲ್ಲಿ ಜಲಪಾತದ ಅಂಚು 177 ಮೀಟರ್ ಅಗಲವಾಗಿರುತ್ತದೆ. ಮೇಲಿನಿಂದ ನೋಡಿದರೆ ಅದು ಕುದುರೆಯ ಲಾಳದ ಆಕಾರ. ಮಳೆಗಾಲದ ನೀರು ಹಾಲಿನಂತೆ ಬಿಳಿಯಲ್ಲ. ಪಶ್ಚಿಮದ ಕೆಂಪು ಮಣ್ಣನ್ನು ಹೊತ್ತು ಬರುವ ಕಾರಣ ಬೆಲ್ಲದ ಪಾಕದ ಬಣ್ಣ. ದಡದಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ಆಂಗ್ಲರ ಗಿರಣಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ಜನರು ಈ ಸ್ಥಳವನ್ನು ಕಂಡು ಬೆರಗಾಗಿದ್ದರೆಂಬುದಕ್ಕೆ ಅದು ಸಾಕ್ಷಿ.

ಲಾಳದ ಆಕಾರವು ಆಕಸ್ಮಿಕವಲ್ಲ. ಇಲ್ಲಿನ ಬಂಡೆ ಬಾಗಲಕೋಟೆ ಬಳಿಯ ಕಲಾದಗಿಯ ಹೆಸರನ್ನು ಪಡೆದಿರುವ ಅತಿ ಪ್ರಾಚೀನ ಶಿಲಾವರ್ಗಕ್ಕೆ ಸೇರಿದ ಮರಳುಗಲ್ಲು. ಪಶ್ಚಿಮದಲ್ಲಿ ಹರಡಿರುವ ಕಪ್ಪು ಅಗ್ನಿಶಿಲೆ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾರಸವಾಗಿ ಹರಿದದ್ದು. ಮರಳುಗಲ್ಲಾದರೋ ಅದಕ್ಕಿಂತ ಎಷ್ಟೋ ಪಾಲು ಹಳೆಯದು, ಗಟ್ಟಿಯಾದದ್ದು. ಗಟ್ಟಿ ಬಂಡೆಯನ್ನು ನೀರು ಮರಳುಕಾಗದದಂತೆ ಸಮನಾಗಿ ಉಜ್ಜಿ ಸವೆಸುವುದು ಬಹು ನಿಧಾನ. ಬಂಡೆಯಲ್ಲಿ ಮೊದಲೇ ಇರುವ ನೇರವಾದ ಬಿರುಕುಗಳೊಳಗೆ ನೀರು ಹೊಕ್ಕು, ಕೆಳಗಿನ ಆಸರೆಯನ್ನು ಸಡಿಲಿಸಿದಾಗ, ದೊಡ್ಡ ದೊಡ್ಡ ಗುಂಡುಗಳು ಕಳಚಿಬೀಳುತ್ತವೆ. ನದಿಯ ನಡುವಿನಲ್ಲಿ ನೀರು ಹೆಚ್ಚು, ಅದರ ಹೊಡೆತವೂ ಹೆಚ್ಚು. ಆದುದರಿಂದ ಅಂಚಿನ ನಡುಭಾಗ ಬೇಗನೆ ಹಿಂದಕ್ಕೆ ಸರಿಯುತ್ತದೆ, ಪಕ್ಕಗಳು ಹಿಂದೆ ಬೀಳುತ್ತವೆ. ಲಾಳವು ಹೀಗೆ ರೂಪುಗೊಳ್ಳುತ್ತದೆ. ಜಲಪಾತದ ಕೆಳಗಿನ ಕಮರಿಯೆಂದರೆ ಅದು ಹಿಂದೆ ಸರಿದುಬಂದ ದಾರಿಯೇ.

ಇನ್ನು ಶಕ್ತಿಯ ಲೆಕ್ಕ. ಎತ್ತರದಲ್ಲಿರುವ ವಸ್ತುವಿನಲ್ಲಿ ಪ್ರಚ್ಛನ್ನವಾಗಿ ಶಕ್ತಿಯಿರುವುದೆಂದೂ, ಅದು ಬೀಳುವಾಗ ಆ ಶಕ್ತಿ ಚಲನಶಕ್ತಿಯಾಗಿ ಮಾರ್ಪಡುವುದೆಂದೂ ಪಠ್ಯಪುಸ್ತಕಗಳಲ್ಲಿ ಓದಿರುತ್ತೇವೆ. ಗಾಳಿಯ ತಡೆಯನ್ನು ಬಿಟ್ಟರೆ, 52 ಮೀಟರ್ ಬೀಳಲು ಒಂದು ಹನಿಗೆ ಹಿಡಿಯುವ ಕಾಲ 3.3 ಸೆಕೆಂಡು, ತಳವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 32 ಮೀಟರ್, ಅಂದರೆ ಗಂಟೆಗೆ 115 ಕಿಲೋಮೀಟರ್. ನಿಜವಾಗಿ ನೀರು ಗಾಳಿಯಲ್ಲಿ ಒಡೆದು ತುಂತುರಾಗುವುದರಿಂದ ಅಷ್ಟು ವೇಗ ಬಾರದು. ಒಂದು ಘನ ಮೀಟರ್ ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಪ್ರತಿ ಸೆಕೆಂಡಿಗೆ ಅಷ್ಟು ನೀರು 52 ಮೀಟರ್ ಬಿದ್ದರೆ ದೊರೆಯುವ ಶಕ್ತಿಯ ದರ 1,000 × 9.8 × 52, ಎಂದರೆ ಸುಮಾರು 510 ಕಿಲೋವಾಟ್. ಯಂತ್ರಗಳಲ್ಲಿ ಐದನೆಯ ಒಂದು ಪಾಲು ವ್ಯರ್ಥವಾದರೂ 408 ಕಿಲೋವಾಟ್ ಉಳಿಯುತ್ತದೆ. ಡಾರ್ಜಿಲಿಂಗಿನ ಬೀದಿದೀಪಗಳಿಗಾಗಿ 1897ರಲ್ಲಿ ಹೂಡಿದ 130 ಕಿಲೋವಾಟನ್ನು ಗೋಕಾಕದ ಧುಮುಕಿನಿಂದ ಪಡೆಯಬೇಕಾದರೆ ಸೆಕೆಂಡಿಗೆ 320 ಲೀಟರ್ ನೀರು ಸಾಕು. ಪ್ರವಾಹಕಾಲದ ಘಟಪ್ರಭೆಗೆ ಇದು ಲೆಕ್ಕಕ್ಕೇ ಬಾರದ ಅಳತೆ.

ಬಳಸದೆ ಬಿಟ್ಟ ನೀರಿನ ಶಕ್ತಿ ಎಲ್ಲಿಗೆ ಹೋಗುತ್ತದೆ? ಸದ್ದಾಗಿ ಹೋಗುವುದು ಅತ್ಯಲ್ಪ. ಬಹುಭಾಗ ಉಷ್ಣವಾಗಿ ನೀರಿನಲ್ಲಿಯೇ ಉಳಿಯುತ್ತದೆ. 1847ರಲ್ಲಿ ಆಂಗ್ಲ ವಿಜ್ಞಾನಿ ಜೌಲ್ ತನ್ನ ಮದುವೆಯ ಹೊಸದರಲ್ಲಿ ಆಲ್ಪ್ಸ್ ಪರ್ವತಪ್ರಾಂತಕ್ಕೆ ಹೋದಾಗ, ಜಲಪಾತದ ಮೇಲಿನ ನೀರಿಗಿಂತ ಕೆಳಗಿನ ನೀರು ಎಷ್ಟು ಬೆಚ್ಚಗಿರುತ್ತದೆಂದು ಅಳೆಯುವ ಯೋಚನೆಯಲ್ಲಿದ್ದನೆಂದು, ದಾರಿಯಲ್ಲಿ ಅವನನ್ನು ಸಂಧಿಸಿದ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು) ನೆನೆಸಿಕೊಂಡಿದ್ದಾನೆ. ನವವಧುವಿನ ಅಭಿಪ್ರಾಯವೇನಿತ್ತೋ ತಿಳಿಯದು! ತುಂತುರಿನ ಕಾರಣದಿಂದ ಆ ಅಳತೆ ಕೈಗೂಡಲಿಲ್ಲ. ಗೋಕಾಕದಲ್ಲಿಯೂ ಅದು ಸುಲಭವಲ್ಲ. 52 ಮೀಟರ್ ಬಿದ್ದ ನೀರಿನ ಉಷ್ಣತೆ ಏರುವುದು ಕೇವಲ 0.12 ಡಿಗ್ರಿ, ಹನಿಗಳಿಂದ ನೀರು ಆವಿಯಾಗುವಾಗ ಆಗುವ ತಂಪು ಅದನ್ನು ಮರೆಮಾಡಿಬಿಡುತ್ತದೆ. ಇದೇ ಎತ್ತರದ ಇನ್ನೊಂದು ಲೆಕ್ಕವನ್ನು ನಾಲಗೆಯಿಂದ ಮಾಡಬಹುದು. ಅರುವತ್ತು ಕಿಲೋಗ್ರಾಂ ತೂಕದ ವ್ಯಕ್ತಿ 52 ಮೀಟರ್ ಹತ್ತಲು ಮಾಡುವ ಕೆಲಸ ಸುಮಾರು 30 ಕಿಲೋಜೌಲ್. ದೇಹವು ತಿಂದುದರ ಐದನೆಯ ಒಂದು ಪಾಲನ್ನು ಮಾತ್ರ ಇಂಥ ಕೆಲಸಕ್ಕೆ ತಿರುಗಿಸಬಲ್ಲುದೆಂದುಕೊಂಡರೆ ಹತ್ತು ಗ್ರಾಂ ಬೆಲ್ಲ ಬೇಕು. ಗೋಕಾಕದ ಕರದಂಟಿನ ಒಂದು ತುಣುಕಿನಲ್ಲಿ ಇದಕ್ಕೆ ಕೊರತೆಯಿಲ್ಲ.

1885ರಲ್ಲಿ ಇಲ್ಲಿ ಸ್ಥಾಪಿತವಾದ ಕಂಪೆನಿಯ ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ: ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪೆನಿ. ಅರಳೆಯ ಹೆಸರು ಅದರಲ್ಲಿಲ್ಲ, ನೀರಿನ ಹೆಸರಿದೆ. ಮುಂಬಯಿಯ ಗಿರಣಿಗಳು ಕಲ್ಲಿದ್ದಲನ್ನು ಸುಟ್ಟು ಉಗಿಯಂತ್ರಗಳನ್ನು ನಡೆಸುತ್ತಿದ್ದ ಕಾಲ ಅದು. ಕಲ್ಲಿದ್ದಲಿನ ಗಣಿಗಳಿಂದ ಇಷ್ಟು ದೂರದ ಒಳನಾಡಿನಲ್ಲಿ ಗಿರಣಿಯನ್ನು ಹೂಡಲು ಜಲಪಾತವಿಲ್ಲದೆ ಧೈರ್ಯ ಬರುತ್ತಿರಲಿಲ್ಲ. ಬೆಟ್ಟದ ಮೇಲಿನ ಡಾರ್ಜಿಲಿಂಗಿಗೂ ಇದೇ ನ್ಯಾಯ: ಕಲ್ಲಿದ್ದಲನ್ನು ಮೇಲಕ್ಕೆ ಹೊರುವುದಕ್ಕಿಂತ ಬೆಟ್ಟದಿಂದ ಕೆಳಗಿಳಿಯುವ ನೀರನ್ನು ದುಡಿಸುವುದು ಅಗ್ಗ. ಮಸ್ಸೂರಿಯ ಗಲೋಗಿಯಲ್ಲಿ 1907ರಲ್ಲಿಯೂ, ಸಿಮ್ಲಾದ ಬಳಿಯ ಛಾಬಾದಲ್ಲಿ 1913ರಲ್ಲಿಯೂ ಜಲವಿದ್ಯುತ್ ಬಂದುದಕ್ಕೆ ಕಾರಣ ಅದೇ. ಗಿರಿಪಟ್ಟಣಗಳ ಬಂಗಲೆಗಳನ್ನೂ ಇಗರ್ಜಿಗಳನ್ನೂ ನೋಡಿ ಬರುವ ಪ್ರವಾಸಿಗಳು ಕಣಿವೆಯ ಕೆಳಗಿರುವ ಈ ಯಂತ್ರಶಾಲೆಗಳನ್ನು ನೋಡದೆ ಹಿಂತಿರುಗುವುದೇ ಹೆಚ್ಚು. ನನ್ನ ದೃಷ್ಟಿಯಲ್ಲಿ ನೋಡಬೇಕಾದುದು ಅವೇ.

ಎತ್ತರವೂ ನೀರಿನ ಪ್ರಮಾಣವೂ ಒಂದಕ್ಕೊಂದು ಬದಲಿಯಾಗಬಲ್ಲವು ಎಂಬುದು ಇಲ್ಲಿ ಮುಖ್ಯ. ಹಿಮಾಲಯದ ತೊರೆಯಲ್ಲಿ ನೀರು ಕಡಿಮೆಯಿದ್ದರೂ ಕೊಳವೆಯನ್ನು ಇಳಿಜಾರಿನಲ್ಲಿ ಬೇಕಾದಷ್ಟು ಕೆಳಕ್ಕೆ ಒಯ್ಯಬಹುದು. ಬಯಲಿನ ನದಿಯಲ್ಲಿ ನೀರು ಹೇರಳ, ಇಳಿಜಾರು ಕಡಿಮೆ. ಗೋಕಾಕದಂಥ ಸ್ಥಳದಲ್ಲಿ ಎರಡೂ ಕೂಡಿವೆ. ಆದರೆ ವರ್ಷದ ಕೆಲವು ತಿಂಗಳು ಮಾತ್ರ.

ಇನ್ನೊಂದು ತೊಡಕು ದೂರದ್ದು. ಹಳೆಯ ಕಾಲದಲ್ಲಿ ನೀರಿನ ಚಕ್ರದ ತಿರುಗುವಿಕೆಯನ್ನು ಹಗ್ಗ, ಪಟ್ಟಿ, ಉದ್ದನೆಯ ಲಾಳಿದಂಡಗಳ ಮೂಲಕ ಯಂತ್ರಗಳಿಗೆ ಒಯ್ಯಬೇಕಾಗಿತ್ತು. ಆದುದರಿಂದ ಗಿರಣಿಯು ನೀರಿನ ಪಕ್ಕದಲ್ಲಿಯೇ ನಿಲ್ಲಬೇಕಾಗಿತ್ತು. ವಿದ್ಯುತ್ತು ಈ ಕಟ್ಟನ್ನು ಬಿಡಿಸಿತು. ಆದರೆ ತಂತಿಗೂ ತನ್ನದೇ ಆದ ಸುಂಕವಿದೆ. 100 ಕಿಲೋವಾಟನ್ನು 200 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ 500 ಆಂಪಿಯರ್; ತಂತಿಯ ರೋಧ ಕೇವಲ ಓಮಿನ ಹತ್ತನೆಯ ಒಂದು ಪಾಲಾದರೂ 25 ಕಿಲೋವಾಟ್ ದಾರಿಯಲ್ಲಿಯೇ ಬಿಸಿಯಾಗಿ ಹೋಗುತ್ತದೆ. ಅದನ್ನೇ 2,000 ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತನೆಯ ಒಂದು ಪಾಲು, ನಷ್ಟ ನೂರನೆಯ ಒಂದು ಪಾಲು, ಎಂದರೆ ಕಾಲು ಕಿಲೋವಾಟ್. ಈ ಸರಳ ಗುಣಾಕಾರದ ಬಲದಿಂದಲೇ 1902ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದ ವಿದ್ಯುತ್ತನ್ನು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದರು.

ಹುಕ್ಕೇರಿಯ ಪ್ರಸ್ತಾಪ ಇಲ್ಲಿ ಬರಲೇಬೇಕು. ವಿದ್ಯುತ್ತು ಹಳ್ಳಿಗಳನ್ನು ಮುಟ್ಟುವ ವಿಷಯದಲ್ಲಿ ಈ ತಾಲ್ಲೂಕಿಗೆ ವಿಶಿಷ್ಟ ಸ್ಥಾನವಿದೆ. 1969ರಲ್ಲಿ ಭಾರತದಲ್ಲಿ ಪ್ರಯೋಗಾರ್ಥವಾಗಿ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳನ್ನು ಏರ್ಪಡಿಸಿದಾಗ, ಅವುಗಳಲ್ಲಿ ಒಂದು ಹುಕ್ಕೇರಿಯದಾಗಿತ್ತು. ವಿದ್ಯುತ್ತನ್ನು ಸಗಟಾಗಿ ಕೊಂಡು ಸದಸ್ಯರಿಗೆ ಹಂಚುವ ವ್ಯವಸ್ಥೆ ಅದು, ಬಳಸುವವರೇ ಒಡೆಯರು. ಈ ತಾಲ್ಲೂಕಿನಲ್ಲಿಯೇ ಘಟಪ್ರಭೆಗೆ ಅಡ್ಡಲಾಗಿ ಹಿಡಕಲ್ ಅಣೆಕಟ್ಟು ಇದೆ. ರಾಜಾ ಲಖಮಗೌಡ ಜಲಾಶಯವೆಂದು ಹೆಸರು; 1977ರಲ್ಲಿ ಮುಗಿದ ಕಟ್ಟಡ; ಎತ್ತರ 62 ಮೀಟರಿಗಿಂತ ತುಸು ಹೆಚ್ಚು. ಅದರಲ್ಲಿ ಹಿಡಿಯುವ ನೀರು 51 ಟಿ.ಎಂ.ಸಿ., ಎಂದರೆ ಸುಮಾರು 145 ಕೋಟಿ ಘನ ಮೀಟರ್.

ಈಗ ಜನರು ಬೇಸಿಗೆಯಲ್ಲಿ ಗೋಕಾಕಕ್ಕೆ ಹೋಗಿ, ಬರಿಯ ಬಂಡೆಯನ್ನು ಕಂಡು, ಜಲಪಾತವೆಲ್ಲಿ ಎಂದು ಕೇಳುವ ಪ್ರಶ್ನೆಗೆ ಬರೋಣ. ಜಲಪಾತದ ಮೇಲ್ಗಡೆ ಧೂಪದಾಳದಲ್ಲಿ ಆಂಗ್ಲರ ಕಾಲದಲ್ಲಿಯೇ ನದಿಗೆ ಒಡ್ಡನ್ನು ಕಟ್ಟಿ, ಎಡದಂಡೆಗೆ ಕಾಲುವೆಯನ್ನು ತೆಗೆದರು. ಹಿಡಕಲ್ಲಿನಿಂದ ಬಿಟ್ಟ ನೀರು ಈ ಒಡ್ಡಿಗೆ ಬಂದು ಕಾಲುವೆಗೆ ತಿರುಗುತ್ತದೆ, ಮೂಡಲಗಿಯ ಕಡೆಯ ಬಯಲನ್ನು ತೋಯಿಸುತ್ತದೆ. ಕಾಲುವೆಗೆ ಹೋದ ನೀರು ಜಲಪಾತಕ್ಕೆ ಇಲ್ಲ. ಇದು ನ್ಯಾಯವೋ ಅನ್ಯಾಯವೋ ಎಂದು ವಾದಿಸುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು. ಒಂದು ಕ್ಯೂಸೆಕ್ ನೀರು, ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಇಡೀ ಒಂದು ದಿನ ಹರಿದರೆ ಸುಮಾರು 2,450 ಘನ ಮೀಟರ್ ಆಗುತ್ತದೆ. ಅದನ್ನು 52 ಮೀಟರ್ ಬೀಳಿಸಿ ವಿದ್ಯುತ್ತು ತೆಗೆದರೆ, ಯಂತ್ರಗಳ ನಷ್ಟ ಕಳೆದು, ಸುಮಾರು 277 ಯೂನಿಟ್. ಅದೇ ನೀರನ್ನು ಹೊಲದ ಮೇಲೆ ಐದು ಸೆಂಟಿಮೀಟರ್ ಆಳಕ್ಕೆ ಹಾಯಿಸಿದರೆ ಹನ್ನೆರಡು ಎಕರೆಗೆ ಒಂದು ಸಲದ ನೀರು. 277 ಯೂನಿಟ್ ವಿದ್ಯುತ್ತನ್ನು ಬೇರೆಡೆಯಿಂದ ತರಬಹುದು. ಮಾರ್ಚ್ ತಿಂಗಳಲ್ಲಿ ಹನ್ನೆರಡು ಎಕರೆಗೆ ನೀರನ್ನು ಎಲ್ಲಿಂದ ತರುವುದು?

ವಿದ್ಯುತ್ ಕೇಂದ್ರವು ನೀರನ್ನು ಖರ್ಚು ಮಾಡುವುದಿಲ್ಲ, ಎತ್ತರವನ್ನು ಖರ್ಚು ಮಾಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಹಿಡಕಲ್ಲಿನಲ್ಲಿ ಅಣೆಕಟ್ಟಿನ ಬುಡದಲ್ಲಿಯೇ 32 ಮೆಗಾವಾಟಿನ ಕೇಂದ್ರವಿದೆ. ಅಲ್ಲಿ ಯಂತ್ರವನ್ನು ತಿರುಗಿಸಿದ ನೀರು ಹನಿಯೂ ಕಡಿಮೆಯಾಗದೆ ಮುಂದೆ ಧೂಪದಾಳಕ್ಕೆ ಹರಿಯುತ್ತದೆ. ಹಾಗಾದರೆ ಗೋಕಾಕದಲ್ಲಿಯೂ ಮೊದಲು ವಿದ್ಯುತ್ತು ತೆಗೆದು ಆಮೇಲೆ ಹೊಲಗಳಿಗೆ ಬಿಡಬಾರದೇಕೆ? ಬಾರದು, ಏಕೆಂದರೆ ಧುಮುಕಿದ ನೀರು ಕಾಲುವೆಗಿಂತ 52 ಮೀಟರಿಗೂ ಹೆಚ್ಚು ಕೆಳಗಿರುತ್ತದೆ. ಕಾಲುವೆಯು ಬಯಲಿನ ಎತ್ತರದ ಅಂಚಿನಲ್ಲಿ ನಿಧಾನವಾಗಿ ಇಳಿಯುತ್ತ ಹೋಗುವುದರಿಂದಲೇ ಅದರ ಕೆಳಗಿನ ಹೊಲಗಳಿಗೆ ನೀರು ತಾನಾಗಿ ಇಳಿಯುತ್ತದೆ. ಆ ಎತ್ತರವನ್ನು ಜಲಪಾತದಲ್ಲಿ ಒಮ್ಮೆಗೇ ಕಳೆದುಬಿಟ್ಟರೆ, ನೀರನ್ನು ಪಂಪಿನಿಂದ ಮತ್ತೆ ಮೇಲಕ್ಕೆತ್ತಬೇಕು. ಮತ್ತು ಎತ್ತುವುದಕ್ಕೆ ತಗಲುವ ವಿದ್ಯುತ್ತು ಬೀಳುವಾಗ ದೊರೆತದ್ದಕ್ಕಿಂತ ಹೆಚ್ಚೇ ಆಗುತ್ತದೆ. ಆದುದರಿಂದ ಬೇಸಿಗೆಯ ಬರಿಯ ಬಂಡೆಯನ್ನು ಕಂಡು ನಾನಂತೂ ಕೊರಗುವುದಿಲ್ಲ.

ಜಲಪಾತದ ಮೇಲ್ಗಡೆ ನದಿಗೆ ಅಡ್ಡಲಾಗಿ ಕಟ್ಟಿರುವ ತೂಗುಸೇತುವೆ ಆಂಗ್ಲರ ಕಾಲದ ಇನ್ನೊಂದು ಉಳಿಕೆ. ಉದ್ದ 201 ಮೀಟರ್. ಬಂಡೆಯ ಪಾತ್ರದಿಂದ ಎತ್ತರ 14 ಮೀಟರ್. ಇಂಥ ಸೇತುವೆಯ ಯಂತ್ರತತ್ತ್ವವನ್ನು ಬಟ್ಟೆ ಒಣಹಾಕುವ ಹಗ್ಗದಿಂದ ತಿಳಿಯಬಹುದು. ಹಗ್ಗವನ್ನು ಸಡಿಲವಾಗಿ ಕಟ್ಟಿದರೆ ಒದ್ದೆ ಬಟ್ಟೆಯ ಭಾರವನ್ನು ತಾಳುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಗೂಟವನ್ನೇ ಕಿತ್ತು ತರುತ್ತದೆ. ಲೆಕ್ಕಕ್ಕಾಗಿ 200 ಮೀಟರ್ ಅಂತರದ ಒಂದು ತೂಗುಸೇತುವೆಯನ್ನು ಕಲ್ಪಿಸಿಕೊಂಡು, ಪ್ರತಿ ಮೀಟರಿಗೆ 100 ಕಿಲೋಗ್ರಾಂ ಭಾರವಿದೆಯೆಂದು ಇಟ್ಟುಕೊಳ್ಳೋಣ. ಒಟ್ಟು ಭಾರ 20 ಟನ್ನು. ಹಗ್ಗಗಳು ನಡುವೆ 20 ಮೀಟರ್ ಜೋತಿದ್ದರೆ ಅಡ್ಡಲಾಗಿ ಎಳೆಯುವ ಬಲ 25 ಟನ್ನು ಭಾರಕ್ಕೆ ಸಮ. ಹತ್ತು ಮೀಟರ್ ಮಾತ್ರ ಜೋತಿದ್ದರೆ 50 ಟನ್ನು. ಹೊತ್ತ ಭಾರ ಇಪ್ಪತ್ತಾದರೂ ಹಗ್ಗಗಳಿಗೆ ಬೀಳುವ ಎಳೆತ ಐವತ್ತು! ಸೇತುವೆಯ ಎರಡು ತುದಿಗಳಲ್ಲಿ ಭಾರಿ ಕಲ್ಲುಕಟ್ಟಡಗಳು ಬೇಕಾಗುವುದು ಇದಕ್ಕೆ.

ಎಳೆತವಲ್ಲದೆ ತೂಗಾಟವೂ ಇದೆ. ನಾವು ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಹಾಕುತ್ತೇವೆ; ಎಡಕ್ಕೂ ಬಲಕ್ಕೂ ಸೆಕೆಂಡಿಗೆ ಒಂದು ಸಲ ವಾಲುತ್ತೇವೆ. ಸೇತುವೆಯ ಸಹಜ ತೂಗಾಟದ ಲಯ ಇದಕ್ಕೆ ಹೊಂದಿಬಿಟ್ಟರೆ, ಉಯ್ಯಾಲೆಯನ್ನು ಸಕಾಲದಲ್ಲಿ ತಳ್ಳಿದಂತೆ, ತೂಗಾಟ ಬೆಳೆಯುತ್ತ ಹೋಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ಎಂಬಲ್ಲಿ ಸೈನಿಕರ ತುಕಡಿಯೊಂದು ಹೆಜ್ಜೆ ಕೂಡಿಸಿ ನಡೆದಾಗ ತೂಗುಸೇತುವೆ ಕುಸಿಯಿತು. ಸೇತುವೆಯ ಮೇಲೆ ಹೆಜ್ಜೆ ಮುರಿದು ನಡೆಯಬೇಕೆಂಬ ಆಜ್ಞೆ ಆಂಗ್ಲ ಸೈನ್ಯದಲ್ಲಿ ಬಂದದ್ದು ಆಮೇಲೆ. 1850ರಲ್ಲಿ ಫ್ರಾನ್ಸಿನ ಆಂಜೆಯಲ್ಲಿ ಇಂಥದೇ ಕುಸಿತದಿಂದ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2000ದಲ್ಲಿ ಲಂಡನ್ನಿನ ಹೊಚ್ಚಹೊಸ ಕಾಲುಸೇತುವೆಯೊಂದು ಉದ್ಘಾಟನೆಯ ದಿನವೇ ಪಕ್ಕಕ್ಕೆ ತೂಗಾಡತೊಡಗಿದ್ದರಿಂದ ಅದನ್ನು ಮುಚ್ಚಿ ಸರಿಪಡಿಸಬೇಕಾಯಿತು.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು, ಹೆಚ್ಚು ದಾರುಣವಾದದ್ದು. ಗುಜರಾತಿನ ಮೋರ್ಬಿಯಲ್ಲಿ ಮಚ್ಛೂ ನದಿಯ ಮೇಲಿದ್ದ, ಹತ್ತೊಂಬತ್ತನೆಯ ಶತಮಾನದ ತೂಗುಸೇತುವೆ 2022ರ ಅಕ್ಟೋಬರ್ 30ರಂದು ಹರಿದುಬಿದ್ದು 135 ಮಂದಿ ಪ್ರಾಣ ಕಳೆದುಕೊಂಡರು. ದುರಸ್ತಿಯಾಯಿತೆಂದು ಜನರಿಗೆ ತೆರೆದು ಕೆಲವೇ ದಿನಗಳಾಗಿದ್ದವು. ತನಿಖೆ ನಡೆಸಿದವರ ವರದಿಯಂತೆ, ಮುಖ್ಯ ಹಗ್ಗಗಳಲ್ಲಿ ಒಂದು ಏಳು ಏಳು ತಂತಿಗಳ ಏಳು ಹೆಣಿಗೆಗಳಿಂದ ಆದದ್ದು, ಒಟ್ಟು 49 ತಂತಿ. ಅವುಗಳಲ್ಲಿ 22 ತಂತಿಗಳು ಮೊದಲೇ ತುಕ್ಕು ಹಿಡಿದಿದ್ದು, ಅಪಘಾತಕ್ಕೆ ಮುಂಚೆಯೇ ಹರಿದಿದ್ದಿರಬಹುದು. ಗಣಿತವನ್ನು ನೋಡಿ: 49 ತಂತಿಗಳು ಹೊರಬೇಕಾದ ಎಳೆತವನ್ನು 27 ಹೊತ್ತರೆ, ಪ್ರತಿಯೊಂದರ ಪಾಲಿಗೂ ಮೊದಲಿಗಿಂತ ಶೇಕಡ 80ರಷ್ಟು ಅಧಿಕ. ಹೊಸ ಹಲಗೆ, ಹೊಸ ಬಣ್ಣಗಳು ಕಣ್ಣಿಗೆ ಕಾಣುತ್ತವೆ. ತುದಿಯಲ್ಲಿ ಹಗ್ಗವು ಕಟ್ಟಡದೊಳಕ್ಕೆ ಹೊಗುವೆಡೆಯ ತುಕ್ಕು ಕಾಣುವುದಿಲ್ಲ. ತುಂತುರು ಸದಾ ಗಾಳಿಯಲ್ಲಿರುವ ಜಲಪಾತದ ನೆರೆಯಲ್ಲಿ ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ತೂಗುಸೇತುವೆಯ ಬಾಗಿಲನ್ನು ಮುಚ್ಚಿದ್ದರೆ, ಅಥವಾ ಇಷ್ಟೇ ಜನ ಹೋಗಬೇಕೆಂದು ಕಾವಲುಗಾರನು ತಡೆದರೆ, ಅವನೊಡನೆ ಜಗಳವಾಡುವ ಹುಡುಗರು ಈ 27 ತಂತಿಗಳನ್ನು ನೆನಪಿಗೆ ತಂದುಕೊಳ್ಳಲಿ.

ಜಲಪಾತವನ್ನು ನೋಡಲು ಜುಲೈಯಿಂದ ಸೆಪ್ಟೆಂಬರಿನವರೆಗೆ ಹೋಗಬೇಕು. ಗೋಕಾಕ ರೋಡ್ ರೈಲುನಿಲ್ದಾಣ ಹತ್ತಿರದಲ್ಲಿದೆ. ಗೋಕಾಕದಿಂದ ಬಸ್ಸುಗಳೂ ಇವೆ. ಕಾಮನಬಿಲ್ಲನ್ನು ನೋಡಬೇಕೆನ್ನುವವರು ಸೂರ್ಯನು ಬೆನ್ನಹಿಂದೆ ಇರುವಂತೆ ತುಂತುರಿಗೆ ಎದುರಾಗಿ ನಿಲ್ಲಬೇಕು. ತಮ್ಮ ತಲೆಯ ನೆರಳಿನ ದಿಕ್ಕಿನಿಂದ 42 ಡಿಗ್ರಿ ಕೋನದಲ್ಲಿ ಅದನ್ನು ಹುಡುಕಬೇಕು. ಬಿಸಿಲು ಏರಿದಂತೆ ಬಿಲ್ಲು ಕೆಳಗಿಳಿಯುತ್ತದೆ. ಕಮರಿಯ ಅಂಚಿನ ಮೇಲಿಂದ ನೋಡುವವರಿಗೆ ಅದು ಅರ್ಧವೃತ್ತಕ್ಕಿಂತ ದೊಡ್ಡದಾಗಿಯೂ ಕಾಣಬಹುದು. ಅಂಚಿನ ಬಂಡೆಗಳ ಮೇಲೆ ಪಾಚಿ ಬೆಳೆದಿರುತ್ತದೆ, ಆದುದರಿಂದ ಕಟಕಟೆಯ ಈಚೆಯೇ ನಿಲ್ಲಬೇಕು. ಹಿಡಕಲ್ಲಿನ ಬಾಗಿಲುಗಳನ್ನು ತೆರೆದಾಗ ನದಿಯ ಮಟ್ಟ ಬೇಗ ಏರುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಕ್ಕೇ ನುಗ್ಗಿತ್ತು. ನೀರು ಬಿಡುವ ಮುನ್ಸೂಚನೆ ಇದ್ದ ದಿನಗಳಲ್ಲಿ ಪ್ರವಾಸವನ್ನು ಮುಂದಕ್ಕೆ ಹಾಕುವುದು ಲೇಸು.